ನೀರು ಇಳಿದ ಮೇಲೆ

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನಾನು ಅಕ್ಕನ ಊರಿಗೆ ಹೋಗುತ್ತೇನೆ. ಊರು ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲಿದೆ. ಹೆಸರು ಬರೆಯುವುದಿಲ್ಲ. "ಪತ್ರಿಕೆಯೊಳಗ ನಮ್ಮೂರ ಹೆಸರು ಹಾಕಬ್ಯಾಡ ತಮ್ಮಾ" ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಾಳೆ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದರೆ ನವಲಗುಂದ, ನರಗುಂದ, ಕೊಣ್ಣೂರು, ಕುಳಗೇರಿ ಕ್ರಾಸ್. ಅಲ್ಲಿಂದ ಇನ್ನೊಂದು ಬಸ್ಸು.

ಈ ಸಲ ಜೊತೆಗೆ ಮೊಮ್ಮಗಳೂ ಹೊರಟಳು. ಆರನೆಯ ತರಗತಿ, ಬೆಂಗಳೂರಿನ ಹುಡುಗಿ. ದಸರೆಯ ರಜೆ ಶುರುವಾಗಿತ್ತು. ಕಿಟಕಿಯ ಪಕ್ಕದ ಸೀಟು ಹಿಡಿದು ಕೂತವಳೇ ಪ್ರಶ್ನೆಗಳ ಗಂಟು ಬಿಚ್ಚಿದಳು.

"ಅಜ್ಜಾ, ನಾವು ಹೋಗ್ತಿರೋದು ಯಾರ ಪೂಜೆಗೆ?"

"ನಿಮ್ಮ ದೊಡ್ಡಜ್ಜಿಯ ಯಜಮಾನರದ್ದು. ನನ್ನ ಭಾವ."

"ಅವರಿಗೆ ಏನಾಗಿತ್ತು?"

"2009ರ ನೆರೆಯಲ್ಲಿ ತೀರಿಕೊಂಡರು."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅವರಿಗೆ ಈಜು ಬರ್ತಿರಲಿಲ್ವಾ?"

ಭಾವನಿಗೆ ಈಜು ಬರುತ್ತಿರಲಿಲ್ಲವೇ! ತುಂಬಿದ ಹೊಳೆಯಲ್ಲಿ ಈ ದಂಡೆಯಿಂದ ಆ ದಂಡೆಗೆ ಹೋಗಿ, ಅಲ್ಲಿ ಒಂದು ಬೀಡಿ ಸೇದಿ, ತಿರುಗಿ ಈಜಿ ಬರುತ್ತಿದ್ದ ಮನುಷ್ಯ. ನನಗೂ ಈಜು ಕಲಿಸಿದ್ದು ಅವರೇ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ. ಆ ನೆರೆಯ ರಾತ್ರಿ ಏಳೆಂಟು ಜನರನ್ನು ಎದೆಮಟ್ಟದ ನೀರಿನಿಂದ ದಾಟಿಸಿದವರೂ ಅವರೇ. ಅವರು ಸತ್ತದ್ದು ನೀರಿನಲ್ಲಲ್ಲ. ನೀರು ಇಳಿದ ಮೇಲೆ.

"ಅದು ಹೇಗೆ?" ಎಂದಳು. ಊರಿಗೆ ಹೋದ ಮೇಲೆ ತೋರಿಸುತ್ತೇನೆ ಎಂದೆ. ಬಸ್ಸಿನಲ್ಲಿ ಹೇಳುವ ಮಾತಲ್ಲ ಅದು. ನಿಜ ಹೇಳಬೇಕೆಂದರೆ, ನಾನೂ ಸ್ವಲ್ಪ ಮುಂದೂಡಿದೆ.

ನವಲಗುಂದ ಇನ್ನೂ ದೂರವಿರುವಾಗಲೇ ಎರಡೂ ಕಡೆ ಕರಿ ಎರೆಭೂಮಿ ತೆರೆದುಕೊಳ್ಳುತ್ತದೆ. ಕಣ್ಣು ಹಾಯುವ ತನಕ ಮರವಿಲ್ಲ. ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿ. ಇಲ್ಲಿ ಹರಿಯುವ ಹಳ್ಳದ ಹೆಸರು ಬೆಣ್ಣಿಹಳ್ಳ. ಅದಕ್ಕೆ ಬಂದು ಸೇರುವ ಇನ್ನೊಂದು ಹಳ್ಳದ ಹೆಸರು ತುಪ್ಪರಿಹಳ್ಳ. ಮೊಮ್ಮಗಳು ನಕ್ಕಳು: "ಬೆಣ್ಣೆ, ತುಪ್ಪ! ಹಾಲು ಮೊಸರು ಎಲ್ಲಿ?" ಹೆಸರು ಕೇಳಿ ಇವು ಸಾಧು ಹಳ್ಳಗಳು ಅಂದುಕೊಳ್ಳಬಾರದು. ಬೇಸಿಗೆಯಲ್ಲಿ ಇವುಗಳ ಪಾತ್ರದಲ್ಲಿ ಕುರಿ ಮೇಯುತ್ತವೆ. ಆದರೆ ಶಿಗ್ಗಾಂವಿ, ಕುಂದಗೋಳದ ಕಡೆ ಜೋರು ಮಳೆಯಾದರೆ ಸಾಕು, ನವಲಗುಂದದ ಮೇಲೆ ಒಂದು ಮೋಡವಿಲ್ಲದಿದ್ದರೂ ಬೆಣ್ಣಿಹಳ್ಳ ದಂಡೆ ತುಂಬಿ ಬರುತ್ತದೆ. ಇದಕ್ಕೆ ಈ ಕರಿಮಣ್ಣೂ ಒಂದು ಕಾರಣ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಮಣ್ಣು, ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ಮಳೆ ಒಳಗೆ ಇಳಿಯುವುದಿಲ್ಲ, ಎಣ್ಣೆ ಹಚ್ಚಿದ ತಲೆಯ ಮೇಲೆ ಸುರಿದಂತೆ ಜಾರಿ ಹಳ್ಳಕ್ಕೆ ಓಡುತ್ತದೆ.

ನಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದ ರೈತರೊಬ್ಬರು ಮಾತಿಗೆ ಸೇರಿಕೊಂಡರು. ತಮ್ಮೂರಿನ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಬೈಕಿನ ಮೇಲೆ ಹಳ್ಳ ದಾಟಲು ಹೋಗಿ ಕೊಚ್ಚಿಹೋದನಂತೆ. "ನೀರು ಎಷ್ಟಿತ್ತು?" ಎಂದು ಕೇಳಿದೆ. ಅವರು ಬಗ್ಗಿ ತಮ್ಮ ಮೊಣಕಾಲಿನ ಕೆಳಗೆ ಕೈ ಇಟ್ಟು ತೋರಿಸಿದರು. "ಇಷ್ಟ ಇತ್ರಿ. ದಿನಾ ಓಡಾಡೋ ದಾರಿ. ದಂಡಿ ಮ್ಯಾಲೆ ನಿಂತವರು ಬ್ಯಾಡೋ ಅಂದ್ರ, ಇಷ್ಟ ನೀರಿಗೆ ಏನ್ ಅಂಜೂದು ಅಂದ."

ಮೊಮ್ಮಗಳಿಗೆ ನಂಬಿಕೆ ಬರಲಿಲ್ಲ. ಮೊಣಕಾಲಿನಷ್ಟು ನೀರಿನಲ್ಲಿ ದೊಡ್ಡವರು ಹೇಗೆ ಮುಳುಗುತ್ತಾರೆ?

ಶಾಲೆಯ ಚೀಲದಲ್ಲಿ ಕಂಪಾಸು ಪೆಟ್ಟಿಗೆ ಇದೆಯೇ ಎಂದು ಕೇಳಿದೆ. ರಜೆಯಲ್ಲೂ ಹೋಂವರ್ಕ್ ಇರುತ್ತದಲ್ಲ, ಇತ್ತು. ಅದರೊಳಗಿನ ಚಿಕ್ಕ ಅಳತೆಪಟ್ಟಿ 15 ಸೆಂಟಿಮೀಟರಿನದು. ಅಷ್ಟು ನೀರು ರಭಸವಾಗಿ ಹರಿಯುತ್ತಿದ್ದರೆ ಗಟ್ಟಿಮುಟ್ಟಾದ ಆಳನ್ನೂ ಕೆಡವಬಲ್ಲದು. ಅಂಥ ಎರಡು ಪಟ್ಟಿ, ಎಂದರೆ ಒಂದು ಅಡಿ ನೀರು, ಸಣ್ಣ ಕಾರನ್ನು ಎಳೆದೊಯ್ಯಬಲ್ಲದು. ಎರಡು ಅಡಿ ಆಯಿತೋ, ದೊಡ್ಡ ವಾಹನಗಳೂ ಹೆಚ್ಚಿನವು ನೆಲ ಬಿಡುತ್ತವೆ. ಕಾರು ಕಬ್ಬಿಣದ್ದಲ್ಲವೇ, ತೇಲುವುದು ಹೇಗೆ ಎಂದರೆ, ತಾಮ್ರದ ಕೊಡ ಬಾವಿಯಲ್ಲಿ ತೇಲುವ ಹಾಗೆ. ಒಳಗೆ ಗಾಳಿ ಇದೆಯಲ್ಲ. ಇನ್ನು ತಳ್ಳುವ ಬಲದ ಲೆಕ್ಕ: ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ನೀರಿನ ತೂಕ ಒಂದು ಸಾವಿರ ಕಿಲೋ, ಒಂದು ಟನ್ನು. ಹಳ್ಳದಲ್ಲಿ ಅಂಥ ಗಡ್ಡೆಗಳು ಒಂದರ ಹಿಂದೊಂದು ಬಂದು ಕಾಲಿಗೆ ಗುದ್ದುತ್ತಿರುತ್ತವೆ. ಜೊತೆಗೆ ಕೆಸರು ನೀರಿನಡಿಯ ರಸ್ತೆ ಇದೆಯೋ, ಕಿತ್ತುಹೋಗಿದೆಯೋ ಕಣ್ಣಿಗೆ ಕಾಣುವುದಿಲ್ಲ. ಹೊಲದ ತೆರೆದ ಬಾವಿಯೂ ರಸ್ತೆಯೂ ಆಗ ಒಂದೇ ಬಣ್ಣ.

"ಸಾರ್ ಮೇಷ್ಟ್ರಾಗಿದ್ರೇನ್ರಿ?" ಎಂದರು ಹಿಂದಿನ ಸೀಟಿನವರು. ಹೌದೆಂದೆ. ಚಟ ಬಿಡುವುದಿಲ್ಲ.

ನಾನು ಎಂದೋ ಓದಿದ್ದ ಒಂದು ಅಧ್ಯಯನದ ನೆನಪಾಯಿತು. ಯುರೋಪ್ ಮತ್ತು ಅಮೆರಿಕದ 13 ಪ್ರವಾಹಗಳಲ್ಲಿ ಸತ್ತ 247 ಜನರ ವಿವರ ಕಲೆಹಾಕಿ 2005ರಲ್ಲಿ ಪ್ರಕಟಿಸಿದ್ದರು. ಸತ್ತವರಲ್ಲಿ ಗಂಡಸರೇ ಬಹಳ. ಹೆಂಗಸರಿಗಿಂತ ಅವರು ದುರ್ಬಲರೆಂದಲ್ಲ. ನೀರಿಗೆ ಇಳಿಯುವವರು ಅವರು, "ಇಷ್ಟಕ್ಕೆ ಏನು" ಎನ್ನುವವರೂ ಅವರು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಮಾತು. ಮುಳುಗಿ ಸತ್ತವರು ಸುಮಾರು ಮೂರರಲ್ಲಿ ಎರಡು ಪಾಲು. ಹಾಗಾದರೆ ಉಳಿದ ಒಂದು ಪಾಲು ಮುಳುಗದೆ ಸತ್ತವರು, ನನ್ನ ಭಾವನ ಹಾಗೆ.

ನರಗುಂದದ ಗುಡ್ಡ ಹಿಂದಾಯಿತು. ಕೊಣ್ಣೂರು ದಾಟಿದ ಮೇಲೆ ಮಲಪ್ರಭೆಯ ಸೇತುವೆ. ಹುಡುಗಿ ಇದ್ದ ಸೀಟಿನಲ್ಲೇ ಎದ್ದು ನಿಂತಳು. "ಇದೇನಾ ನದಿ? ಇಷ್ಟು ಚಿಕ್ಕದಾ?"

ಚಿಕ್ಕದೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟಿ, ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟೆಗೆ ನಿಂತು, ಇಳಿದುಳಿದ ನೀರು ಇಲ್ಲಿಗೆ ಬಂದು, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ವರ್ಷದ ಬಹು ಭಾಗ ಇಲ್ಲಿ ಹೊಳೆ ಎಂದರೆ ಒಂದು ಕಾಲುವೆಯಷ್ಟು. ಎರಡೂ ದಂಡೆಯಿಂದ ಜಾಲಿಕಂಟಿ ಒಳಗೆ ಬಂದಿದೆ, ಜಾಲಿಯ ಹಿಂದೆಯೇ ಕಬ್ಬೂ ಬಂದಿದೆ. ನಾನು ಹುಡುಗನಾಗಿ ಕಂಡ ಪಾತ್ರದ ಅಗಲ ಈಗಿಲ್ಲ. ಅಗಲ ಕಡಿಮೆಯಾದಾಗ ಅಷ್ಟೇ ನೀರು ಎತ್ತರಕ್ಕೆ ಏರಬೇಕಾಗುತ್ತದೆ, ಅಗಲವಾದ ಪಾತ್ರೆಯ ಹಾಲನ್ನು ಲೋಟಕ್ಕೆ ಸುರಿದ ಹಾಗೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಎರಡು ಕೊಡದಷ್ಟು ನೀರು ಎಂದುಕೊಳ್ಳಿ. ರೇಡಿಯೋದಲ್ಲಿ "50 ಸಾವಿರ ಕ್ಯುಸೆಕ್ ಬಿಡಲಾಗಿದೆ" ಎಂದರೆ ಪ್ರತಿ ಸೆಕೆಂಡಿಗೆ ಒಂದು ಲಕ್ಷ ಕೊಡ. ಅದು ಈ ಜಾಲಿಕಂಟಿಯ ಸಂದಿಯಲ್ಲಿ ಹರಿದು ಹೋಗಬೇಕು.

2009 ಬರದ ವರ್ಷ. ದೇಶಕ್ಕೆಲ್ಲ ಮಳೆ ಕೈಕೊಟ್ಟಿತ್ತು. ನಮ್ಮ ಕಡೆ ಜನ ಮಳೆಗಾಗಿ ಕಪ್ಪೆಗೆ ಮದುವೆ ಮಾಡುವ ಯೋಚನೆಯಲ್ಲಿದ್ದರು. ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಹಂಚಿ, "ಬಂಗಾರದಂಗ ಇರೋಣ" ಎಂದು ಹೇಳಿ ಮುಗಿಸುವಷ್ಟರಲ್ಲಿ ಮಳೆ ಹಿಡಿಯಿತು. ಬಿಡಲೇ ಇಲ್ಲ. ಕೆಲವೇ ದಿನಗಳಲ್ಲಿ ತಿಂಗಳುಗಟ್ಟಲೆಯ ಮಳೆ ಸುರಿದು ಕೃಷ್ಣೆ, ಭೀಮೆ, ಮಲಪ್ರಭೆ, ತುಂಗಭದ್ರೆ ಎಲ್ಲವೂ ಉಕ್ಕಿದವು. ಅಕ್ಟೋಬರ್ 2ರ ಹೊತ್ತಿಗೆ ಮಂತ್ರಾಲಯದಲ್ಲೂ ಭಕ್ತರು ನೀರಿನ ನಡುವೆ ಸಿಕ್ಕಿಬಿದ್ದಿದ್ದರು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಬರಗಾಲದ ನಾಡಿನ ಜನಕ್ಕೆ ನೀರಿಲ್ಲದೆ ಬದುಕುವುದು ಗೊತ್ತು. ನೀರು ಮನೆಗೇ ಬಂದರೆ ಏನು ಮಾಡಬೇಕೆಂದು ಯಾರು ಕಲಿಸಿದ್ದರು?

ಅಕ್ಕ ಬಾಗಿಲಲ್ಲೇ ಕಾದಿದ್ದಳು. ಮೊಮ್ಮಗಳ ಗಲ್ಲ ಹಿಡಿದು ಲಟಿಕೆ ಮುರಿದಳು. ಎಂಬತ್ತರ ಹತ್ತಿರದ ಜೀವ; ಕಣ್ಣು ಸ್ವಲ್ಪ ಮಂಜು, ಮಾತು ಮಾತ್ರ ಇನ್ನೂ ಚುರುಕು. ಚಹಾ ಕುಡಿದು ಮೂವರೂ ಹಳೆಯ ಊರಿನ ಕಡೆ ನಡೆದೆವು.

ನೆರೆಯಾದ ಮೇಲೆ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿದ್ದಾರೆ. ಜನ ಅದಕ್ಕೆ ನವಗ್ರಾಮ ಎನ್ನುತ್ತಾರೆ. ಹೊಳೆಯ ಪಕ್ಕದ ಹಳೆಯ ಊರಿನಲ್ಲಿ ಅರ್ಧ ಮನೆಗಳು ಬಿದ್ದಿವೆ, ಅರ್ಧ ಮನೆಗಳಲ್ಲಿ ಈಗಲೂ ಒಲೆ ಉರಿಯುತ್ತದೆ. ಊರ ನಡುವೆ ಹನುಮಪ್ಪನ ಗುಡಿ. ಗುಡಿಗೊಂದು ಕಲ್ಲಿನ ಕಟ್ಟೆ. ಅಕ್ಕ ಅದರ ಮೇಲೆ ಕೂತು ಕಥೆ ಶುರುಮಾಡಿದಳು.

"ನೋಡವಾ ತಂಗಿ, ನಮ್ಮ ಮಾವನವರು ಹೇಳತಿದ್ರು, ಹೊಳಿ ಎಷ್ಟ ಬಂದ್ರೂ ಹನಮಪ್ಪನ ಕಟ್ಟಿ ಮುಟ್ಟಿ ಹಿಂದಕ್ಕ ಹೋಗತೈತಿ ಅಂತ. ಅವರ ಅಪ್ಪಗೂ ಹಂಗ ಆಗಿತ್ತಂತ, ಅವರಿಗೂ ಹಂಗ ಆಗಿತ್ತು. ನಿಮ್ಮ ಅಜ್ಜನೂ ಅದನ್ನ ನಂಬಿದ್ರು. ಆವತ್ತ ಸಂಜೀಕ ನಾ ಅಂದೆ, ಮಕ್ಕಳನ್ನ ಕರಕೊಂಡು ಗುಡ್ಡದ ಸಾಲಿಗೆ ಹೋಗೂಣು ಅಂತ. ಕಟ್ಟಿ ದಾಟಂಗಿಲ್ಲ ಸುಮ್ನಿರು ಅಂದ್ರು. ಊರ ಹಿರ್ಯಾರೆಲ್ಲಾ ಅದನ್ನ ಅಂದ್ರು."

ನೀರು ರಾತ್ರಿ ಬಂತು. ಹನ್ನೊಂದರ ಸುಮಾರಿಗೆ ಕಟ್ಟೆ ಮುಟ್ಟಿತು. ಅಲ್ಲಿಗೆ ನಿಲ್ಲುತ್ತದೆ ಎಂದು ಎಲ್ಲರೂ ಕಂದೀಲು ಹಿಡಿದು ನೋಡುತ್ತ ನಿಂತರು. ನಿಲ್ಲಲಿಲ್ಲ. ಕರೆಂಟು ಹೋಗಿತ್ತು. ಆಮೇಲೆ ಭಾವ ಹಗ್ಗ ತಂದು ಗುಡಿಯ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಈಜಿ ಎತ್ತರದ ಬೇವಿನ ಮರಕ್ಕೆ ಬಿಗಿದು, ಓಣಿಯ ಮಕ್ಕಳನ್ನೂ ಮುದುಕರನ್ನೂ ಒಬ್ಬೊಬ್ಬರಾಗಿ ದಾಟಿಸಿದರು. ಬೆಳಗಾಗುವಷ್ಟರಲ್ಲಿ ಎಲ್ಲರೂ ಶಾಲೆಯಲ್ಲಿದ್ದರು. ಆ ಊರಿನಲ್ಲಿ ಆ ರಾತ್ರಿ ಒಬ್ಬರೂ ಸಾಯಲಿಲ್ಲ.

ಈ ಜಾಗದಲ್ಲಿ ನನ್ನ ಪಾಲಿನ ಕಥೆ ಬರುತ್ತದೆ. ಅಕ್ಕ ಎಂದೂ ಹೇಳುವುದಿಲ್ಲ, ನಾನೇ ಮೊಮ್ಮಗಳಿಗೆ ಹೇಳಿದೆ.

ಮೂರನೆಯ ದಿನ ನೀರು ಇಳಿಯಿತು. ಬಿಸಿಲೂ ಬಂತು. ಶಾಲೆಯ ಗಂಜಿ ಕೇಂದ್ರದಿಂದ ಭಾವ ಯಾರದೋ ಮೊಬೈಲಿನಲ್ಲಿ ಹುಬ್ಬಳ್ಳಿಗೆ ಫೋನು ಮಾಡಿದರು. ಎಲ್ಲರೂ ಕ್ಷೇಮ ಎಂದರು. "ಮನಿ ನಿಂತೈತಿ. ಒಳಗ ಜೋಳ ಐತಿ, ಟ್ರಂಕಿನ್ಯಾಗ ಹೊಲದ ಉತಾರ ಅದಾವ. ನೋಡಿ ಬರಲೇನು?" ಎಂದು ಕೇಳಿದರು. ವಿದ್ಯಾವಂತ, ಮೇಷ್ಟ್ರು ಎಂದು ನನ್ನನ್ನು ಕೇಳುವ ರೂಢಿ ಅವರಿಗೆ. ನಾನು ಹೇಳಿದೆ: "ನೀರು ಇಳಿದಿದೆಯಲ್ಲ ಭಾವ, ಇನ್ನೇನು ಭಯ. ನೋಡಿಕೊಂಡು ಬನ್ನಿ."

ಮಧ್ಯಾಹ್ನ ಎರಡು ಗಂಟೆಗೆ ಅವರು ಪಡಸಾಲೆಯಲ್ಲಿ ಟ್ರಂಕು ಎತ್ತುತ್ತಿದ್ದಾಗ ಗೋಡೆ ಕುಸಿಯಿತು. ಅದರ ಮೇಲೆ ಮಾಳಿಗೆಯೂ ಬಂತು.

ಹುಡುಗಿ ಏನೂ ಕೇಳಲಿಲ್ಲ. ಅಕ್ಕನ ಕೈ ಹಿಡಿದು ನಿಂತಳು. ನಾವು ಹಳೆಯ ಮನೆಯ ಜಾಗಕ್ಕೆ ಹೋದೆವು. ಈಗ ಅಲ್ಲಿ ಒಂದು ದಿಬ್ಬ, ಅದರ ಮೇಲೆ ತುಳಸಿ. ಪಕ್ಕದಲ್ಲಿ ಇನ್ನೂ ನಿಂತಿರುವ ಒಂದು ಹಳೆಯ ಮನೆಯ ಗೋಡೆ ತೋರಿಸಿದೆ. ಎರಡು ಮೊಳ ದಪ್ಪ. ಹೊರಗೆ ಕಲ್ಲು, ನಡುವೆ ಮಣ್ಣು. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಮೊಳದಷ್ಟು ಮಣ್ಣು. ಬೇಸಿಗೆಯಲ್ಲಿ ಇಂಥ ಮನೆಯ ತಂಪಿಗೆ ಸಾಟಿ ಇಲ್ಲ. ಬಿಸಿಲಿನ ನಾಡಿನ ಜನ ಬಿಸಿಲಿಗೆ ಹೊಂದುವಂತೆ ಕಟ್ಟಿಕೊಂಡದ್ದು. ಆದರೆ ಐದು ದಿನ ಮಳೆ ಕುಡಿದ ಮಾಳಿಗೆಯ ಮಣ್ಣಿನ ತೂಕ ಎಷ್ಟಾಗಿರಬೇಡ? ಆ ತೂಕ ಹೊರಬೇಕಾದ ಗೋಡೆ ಬುಡದಲ್ಲಿ ನೆನೆದು ಮುದ್ದೆಯಾಗಿರುತ್ತದೆ.

"ನೀರಿದ್ದಾಗ ಬೀಳಲಿಲ್ಲ, ಇಳಿದ ಮೇಲೆ ಯಾಕೆ ಬಿತ್ತು?"

ನನಗೆ ಉತ್ತರ ಗೊತ್ತಿತ್ತು, ಹೇಗೆ ಹೇಳುವುದೆಂದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವಳೇ ಕಂಡುಕೊಂಡಳು. ಚಹಾದಲ್ಲಿ ಬಿಸ್ಕಿತ್ತು ಅದ್ದಿ ಹಿಡಿದಿದ್ದಳು, ಮಾತಾಡುತ್ತ ಹೊತ್ತಾಯಿತು. ಚಹಾದೊಳಗೆ ಇರುವತನಕ ಬಿಸ್ಕಿತ್ತು ನೆಟ್ಟಗಿತ್ತು. ಮೇಲೆತ್ತಿದ ಕೂಡಲೇ ಅರ್ಧ ಮುರಿದು ಬಿತ್ತು. ಬಟ್ಟಲನ್ನೇ ನೋಡುತ್ತ ಕೂತಳು. "ಅಜ್ಜಾ, ಗೋಡೆ ಹೀಗೇನಾ?" ಎಂದಳು.

ಹಾಗೆಯೇ. ನೀರು ಇದ್ದಾಗ ಎರಡೂ ಕಡೆಯಿಂದ ಒತ್ತಿ ಗೋಡೆಯನ್ನು ಹಿಡಿದುಕೊಂಡಿರುತ್ತದೆ. ಇಳಿದಾಗ ಆ ಆಸರೆ ಹೋಗುತ್ತದೆ, ಒಳಗೆ ಕುಡಿದ ನೀರು ಮಾತ್ರ ಉಳಿಯುತ್ತದೆ. ಹೊರಗಿನ ಗಾರೆ ಬಿಸಿಲಿಗೆ ಒಣಗಿ ಗಟ್ಟಿಯಾದಂತೆ ಕಾಣುತ್ತದೆ. ಒಳಗಿನ ಮಣ್ಣು ವಾರಗಟ್ಟಲೆ ಹಸಿ. ಆ ನೆರೆಯಲ್ಲಿ ನಮ್ಮ ಕಡೆ ಸತ್ತವರಲ್ಲಿ ಬಹಳ ಮಂದಿ ಹೀಗೆ ಗೋಡೆ, ಮಾಳಿಗೆ ಬಿದ್ದು ಸತ್ತವರು. ಇದನ್ನು ನಾನು ಎಷ್ಟೋ ಆಮೇಲೆ ತಿಳಿದುಕೊಂಡೆ. ಅಂದು ಫೋನಿನಲ್ಲಿ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಬಹುದಿತ್ತು. ಮೇಷ್ಟ್ರು, ಹೇಳಲಿಲ್ಲ.

ಭಾವನದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಊರ ಹೊರಗಿನವರು "ಪ್ರಾಣಕ್ಕಿಂತ ಜೋಳ ಹೆಚ್ಚೇ?" ಎನ್ನುತ್ತಾರೆ. ಬರದ ವರ್ಷದಲ್ಲಿ ಉಳಿಸಿಟ್ಟ ಜೋಳ ಎಂದರೆ ಮುಂದಿನ ಸುಗ್ಗಿಯ ತನಕದ ಪ್ರಾಣವೇ. ಉತಾರ ಇಲ್ಲದೆ ಪರಿಹಾರ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯೂ ಇತ್ತು.

ಅಕ್ಕ ಈಗ ನವಗ್ರಾಮದಲ್ಲಿದ್ದಾಳೆ, ಆದರೆ ಹಗಲೆಲ್ಲ ಹಳೆಯ ಊರಿನಲ್ಲೇ. ಯಾಕೆಂದರೆ ಎಮ್ಮೆ ಅಲ್ಲಿದೆ. ಹೊಸ ಮನೆ ಗಟ್ಟಿ, ಸಿಮೆಂಟಿನದು. ಆದರೆ ಎರಡು ಕೋಣೆ, ದನ ಕಟ್ಟಲು ಜಾಗವಿಲ್ಲ, ಹೊಲ ದೂರ. ಹಾಗಾಗಿ ಬಹಳ ಜನ ಬೀಗ ಹಾಕಿ ಹಳೆಯ ಮನೆಗೆ ಮರಳಿದರು. ಮನೆ ಕೊಡುವಾಗ ಮನುಷ್ಯರನ್ನು ಎಣಿಸಿದರು, ಎಮ್ಮೆಗಳನ್ನು ಎಣಿಸಲಿಲ್ಲ. ನೆರೆ ಬಂದಾಗ ಯಾರು ಹಿಂದೆ ಉಳಿಯುತ್ತಾರೆ ಎಂದು ಅಕ್ಕನನ್ನು ಕೇಳಿ ನೋಡಿ, ಬೆರಳು ಮಡಚಿ ಹೇಳುತ್ತಾಳೆ: ದನ ಇದ್ದವರು, ನಡೆಯಲಾಗದ ಮುದುಕರು, ಅವರನ್ನು ನೋಡಿಕೊಳ್ಳುವ ಸೊಸೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿತು. ನವಿಲುತೀರ್ಥದ ಜಲಾಶಯ ತುಂಬಿ ಬಾಗಿಲು ತೆರೆದಿದ್ದರು. ಕೊಣ್ಣೂರಿನ ಬಳಿ ಹೆದ್ದಾರಿಯೇ ಬಂದಾಯಿತು. ಆ ಸಲ ಅಕ್ಕ ಯಾರನ್ನೂ ಕೇಳಲಿಲ್ಲ. ನೀರು ಬಿಡುವ ಸುದ್ದಿ ಬಂದದ್ದೇ ತಡ, ಹಗಲಿನಲ್ಲೇ ಎಮ್ಮೆಯ ಹಗ್ಗ ಹಿಡಿದು ಗುಡ್ಡದ ಕಡೆ ಹೊರಟಳು. "ನನ್ನ ಎಮ್ಮಿ ಹೋದದ್ದ ನೋಡಿ ಇಡೀ ಓಣಿಯವರ ಎಮ್ಮಿ ಹೊಂಟುವು. ಎಮ್ಮಿ ಹೋದ ಮ್ಯಾಲೆ ಮಂದಿ ಯಾಕ ಇರ್ತಾರ?" ಎಂದು ನಕ್ಕಳು. ನೀರು ಈ ಸಲವೂ ಕಟ್ಟೆ ದಾಟಿತು. ಇಳಿದ ಮೇಲೆ ಹದಿನೈದು ದಿನ ಹಳೆಯ ಮನೆಗಳ ಬಾಗಿಲಿಗೆ ಯಾರೂ ಹೋಗದಂತೆ ಅಕ್ಕ ಕೋಲು ಹಿಡಿದು ಕೂತಿದ್ದಳಂತೆ. ಇದನ್ನು ಪಕ್ಕದ ಮನೆಯವರು ಹೇಳಿದರು.

ಇದು ನಮ್ಮೂರ ಕಥೆ ಮಾತ್ರವಲ್ಲ. ಒಡಿಶಾದ ಕರಾವಳಿಯಲ್ಲಿ 1999ರ ಚಂಡಮಾರುತ ಮತ್ತು ಅದರ ಜೊತೆ ನುಗ್ಗಿದ ಸಮುದ್ರದ ನೀರಿಗೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಎಂಬ ಭಾರಿ ಚಂಡಮಾರುತ ಅದೇ ಕರಾವಳಿಗೆ ಬಂತು. ಸತ್ತವರು ಐವತ್ತಕ್ಕಿಂತ ಕಡಿಮೆ. ಸಮುದ್ರಕ್ಕೆ ದಯೆ ಬಂದದ್ದಲ್ಲ. ಮುಂಚೆಯೇ ಲಕ್ಷಾಂತರ ಜನರನ್ನು ಊರು ಬಿಡಿಸಿ ಗಟ್ಟಿ ಕಟ್ಟಡಗಳಿಗೆ ಕರೆದೊಯ್ದಿದ್ದರು.

ಪೂಜೆ ಮುಗಿದ ಮಾರನೆಯ ದಿನ ಹುಡುಗಿಯನ್ನು ಪಟ್ಟದಕಲ್ಲಿಗೆ ಕರೆದುಕೊಂಡು ಹೋದೆ. ಇಲ್ಲಿ ಮಲಪ್ರಭೆ ಉತ್ತರಕ್ಕೆ ಹರಿಯುತ್ತಾಳೆ. ಅದಕ್ಕೇ ಚಾಲುಕ್ಯರು ಪಟ್ಟಾಭಿಷೇಕಕ್ಕೆ ಈ ಜಾಗ ಆರಿಸಿದರು ಎನ್ನುತ್ತಾರೆ. ವಿರೂಪಾಕ್ಷ ದೇವಾಲಯವನ್ನು ರಾಣಿ ಲೋಕಮಹಾದೇವಿ ಕ್ರಿ.ಶ. 740ರ ಸುಮಾರಿಗೆ ಕಟ್ಟಿಸಿದಳು, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. 2019ರಲ್ಲಿ ಇದರ ಅಂಗಳಕ್ಕೂ ಹೊಳೆ ನುಗ್ಗಿತ್ತು. ನೀರು ಇಳಿಯಿತು, ಕೆಸರು ತೊಳೆದರು, ನಂದಿ ಇದ್ದಲ್ಲೇ ಇದ್ದಾನೆ. ಮೊಮ್ಮಗಳು ದೇವಾಲಯದ ಎತ್ತರದ ಜಗತಿಯನ್ನು ತನ್ನ ಅಳತೆಪಟ್ಟಿಯಿಂದ ಅಳೆಯಲು ಹೊರಟಳು. ಕಾವಲುಗಾರ ಬೈಯುವ ಮೊದಲೇ ಕರೆದುಕೊಂಡು ಬಂದೆ.

"ರಾಣಿಗೆ ಗೊತ್ತಿತ್ತು ಅಜ್ಜಾ, ಹೊಳೆ ಬರುತ್ತೆ ಅಂತ" ಎಂದಳು.

ಗೊತ್ತಿತ್ತೋ ಏನೋ. ಗೊತ್ತಿದ್ದವರ ಬಳಿ ಕಲ್ಲೂ ಇರಬೇಕಲ್ಲ, ಕಲ್ಲು ಕಡಿಯುವ ನೂರಾರು ಕೈಗಳೂ. ಅದೇ ಕೈಗಳ ಮನೆಗಳು ಎಲ್ಲಿದ್ದವೋ, ಯಾವ ಮಣ್ಣಿನವೋ, ಒಂದೂ ಉಳಿದಿಲ್ಲ.

ತಿರುಗಿ ಹೊರಡುವ ದಿನ ಬೆಳಗಿನಿಂದ ಮೋಡ. ಅಕ್ಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಕುಳಗೇರಿ ಕ್ರಾಸಿಗೆ ಹೋಗುವ ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ಒಂದು ಸಣ್ಣ ಹಳ್ಳ. ಹೋಗುವಾಗ ಅದು ಇದೆಯೆಂದೇ ಗಮನಿಸಿರಲಿಲ್ಲ. ನಾವಿದ್ದಲ್ಲಿ ಒಂದು ಹನಿ ಬಿದ್ದಿರಲಿಲ್ಲ, ಮೇಲೆ ಎಲ್ಲೋ ಸುರಿದಿತ್ತು. ಕೆಂಪು ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಅಂಚಿಗೆ ಸುಣ್ಣ ಬಳಿದು ನೆಟ್ಟಿದ್ದ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು.

ಚಾಲಕ ಬಸ್ಸು ನಿಲ್ಲಿಸಿ ಎಂಜಿನ್ ಆರಿಸಿದ. ಒಳಗೆ ಗೊಣಗಾಟ ಶುರುವಾಯಿತು. ಒಬ್ಬರಿಗೆ ಹುಬ್ಬಳ್ಳಿಯಲ್ಲಿ ದವಾಖಾನೆ, ಒಬ್ಬರಿಗೆ ಸಂಜೆಯ ರೈಲು. "ಏ, ಇಷ್ಟ ನೀರಾಗ ಟ್ರ್ಯಾಕ್ಟರ್ ಹೋಕ್ಕಾವ ಮಾರಾಯಾ, ಬಸ್ಸಿಗೇನಾಗತೈತಿ?" ಎಂದರು ಹಿಂದಿನಿಂದ. ನಮಗೂ ರೈಲು ಇತ್ತು. ನಾನು ಗಡಿಯಾರ ನೋಡಿಕೊಂಡೆ. "ಹೆಚ್ಚೇನಿಲ್ಲ ಬಿಡಿ, ಒಂದು ಅಡಿ..." ಎಂದು ಬಾಯಿ ತೆರೆದವನು, ಪಕ್ಕದಲ್ಲಿ ಕೂತವಳು ನನ್ನ ಮುಖವನ್ನೇ ನೋಡುತ್ತಿರುವುದು ಕಂಡು ಅಲ್ಲಿಗೇ ನಿಲ್ಲಿಸಿದೆ.

ಅವಳು ಏನೂ ಹೇಳಲಿಲ್ಲ. ಚೀಲದಿಂದ ಕಂಪಾಸು ಪೆಟ್ಟಿಗೆ ತೆಗೆದು, ಅಳತೆಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

ಚಾಲಕ ಕೆಳಗಿಳಿದು ನೀರಿನ ಅಂಚಿಗೆ ಒಂದು ಕಲ್ಲಿಟ್ಟ. ಕಲ್ಲು ಮುಳುಗಿದರೆ ಏರುತ್ತಿದೆ, ಬಯಲಾದರೆ ಇಳಿಯುತ್ತಿದೆ. ಮೊಮ್ಮಗಳು ಕಿಟಕಿಯಿಂದ ಕಲ್ಲಿನ ಕಾವಲು ಕಾದಳು. ನಾವು ರೊಟ್ಟಿಯ ಗಂಟು ಬಿಚ್ಚಿ ಅಕ್ಕಪಕ್ಕದವರಿಗೂ ಹಂಚಿದೆವು. ಯಾರೋ ಪೇರಲಹಣ್ಣು ಕೊಟ್ಟರು. ರೈಲಿನ ಹೊತ್ತು ಮೀರಿತು. ಸುಮಾರು ಎರಡು ತಾಸಾದ ಮೇಲೆ ಅವಳು ಜೋರಾಗಿ ಕೂಗಿದಳು: "ಕಲ್ಲು ಕಾಣ್ತಿದೆ!" ಚಾಲಕ ಅವಳ ಕಡೆ ನೋಡಿ ತಲೆಯಾಡಿಸಿದ. ಆದರೆ ಎಂಜಿನ್ ಹಚ್ಚಲಿಲ್ಲ. ಪಂಚೆ ಮೇಲೆ ಕಟ್ಟಿದ ಮುದುಕನೊಬ್ಬ ಕೋಲಿನಿಂದ ರಸ್ತೆ ಇದೆಯೋ ಇಲ್ಲವೋ ನೋಡಿಕೊಡುತ್ತೇನೆಂದು ಮುಂದೆ ಬಂದಾಗಲೂ ಬೇಡವೆಂದ. ಸುಣ್ಣದ ಕಲ್ಲುಗಳು ಬುಡದ ತನಕ ಕಾಣುವವರೆಗೆ ಸ್ಟಿಯರಿಂಗಿನ ಮೇಲೆ ಕೈ ಇಟ್ಟು ಕೂತೇ ಇದ್ದ.